ಎಲೆಕ್ಟ್ರಾನಿಗೊಂದು ದಾರಿ

ನೀರನ್ನು ಒಡೆಯದೆಯೂ ಬೆಳಕನ್ನುಂಡು ಬದುಕಬಹುದು. ನೇರಳೆ ಬ್ಯಾಕ್ಟೀರಿಯಾ ಇದಕ್ಕೆ ನೂರಾರು ಕೋಟಿ ವರ್ಷಗಳ ಸಾಕ್ಷಿ.

*

ದ್ಯುತಿಸಂಶ್ಲೇಷಣೆ ಎಂದರೆ ಹಸಿರೆಲೆ, ಹಸಿರೆಲೆ ಎಂದರೆ ಆಮ್ಲಜನಕ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಬೆಳಕಿನ ಬಲದಿಂದ ಎಲೆಕ್ಟ್ರಾನನ್ನು ಮೇಲೆತ್ತಿ ಕೆಲಸಕ್ಕೆ ಹಚ್ಚುವುದಷ್ಟೇ ಅದರ ತಿರುಳು. ಆ ಎಲೆಕ್ಟ್ರಾನ್ ಎಲ್ಲಿಂದ ಬರಬೇಕು ಎಂಬುದು ಆಮೇಲಿನ ಮಾತು. ಎಲೆ ಅದನ್ನು ನೀರಿನಿಂದ ಕಿತ್ತುಕೊಳ್ಳುತ್ತದೆ. ನೇರಳೆ ಬ್ಯಾಕ್ಟೀರಿಯಾ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡಿನಿಂದ, ಜಲಜನಕದಿಂದ, ನೀರಲ್ಲಿ ಕರಗಿದ ಕಬ್ಬಿಣದಿಂದ, ಹುಳಿತು ಹೋದ ಕೊಳಚೆಯ ಅಸೆಟಿಕ್ ಆಮ್ಲದಿಂದ ಪಡೆಯುತ್ತದೆ. ಇವುಗಳಿಂದ ಎಲೆಕ್ಟ್ರಾನ್ ಬಿಡಿಸಿಕೊಳ್ಳುವುದು ನೀರನ್ನು ಒಡೆಯುವುದಕ್ಕಿಂತ ಎಷ್ಟೋ ಹಗುರದ ಕೆಲಸ. ನೀರು ಒಡೆಯದಿದ್ದ ಮೇಲೆ ಆಮ್ಲಜನಕವೂ ಹೊರಬರುವುದಿಲ್ಲ.

*

ಕೆರೆಯಂಚಿನ ಕಪ್ಪು ಕೆಸರು, ಹರಿದ ಕಾಗದದ ಚೂರು, ಒಂದು ಮೊಟ್ಟೆಯ ಹಳದಿ, ಚಿಟಿಕೆ ಜಿಪ್ಸಂ ಪುಡಿ. ಇಷ್ಟನ್ನು ಕಲಸಿ ಎತ್ತರದ ಗಾಜಿನ ಸೀಸೆಗೆ ತುಂಬಿ, ಮೇಲೆ ಕೆರೆಯ ನೀರನ್ನೇ ಹೊಯ್ದು, ಕಿಟಕಿಯ ಬಳಿ ಇಡಿ. ಮೊದಲ ದಿನಗಳಲ್ಲಿ ಏನೂ ನಡೆಯುವುದಿಲ್ಲ. ಆಮೇಲೆ ತಳ ಇನ್ನಷ್ಟು ಕಪ್ಪಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಕಬ್ಬಿಣವನ್ನು ಸೇರಿದ ಗುರುತು ಅದು. ವಾರಗಳು ಕಳೆದಂತೆ ಬೆಳಕು ಬೀಳುವ ಬದಿಯಲ್ಲಿ ಗಾಜಿಗೆ ಅಂಟಿದಂತೆ ಮಾಸಲು ಹಸಿರಿನ ಒಂದು ಪಟ್ಟಿ ಮೂಡುತ್ತದೆ, ಅದರ ಮೇಲೆ ನೇರಳೆಯ ಕಲೆಗಳು. ಕಲೆಗಳು ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ತೀರಾ ಮೇಲೆ, ಗಾಳಿ ತಾಗುವಲ್ಲಿ, ಪಾಚಿ. ಯಾರೂ ಬೀಜ ಬಿತ್ತಲಿಲ್ಲ. ಕೆಸರಿನಲ್ಲಿ ಎಲ್ಲವೂ ಇದ್ದವು, ತಮಗೆ ಒಗ್ಗುವ ಬೆಳಕು ಮತ್ತು ಅನಿಲ ಎರಡೂ ಸಂಧಿಸುವ ಎತ್ತರವನ್ನು ಹುಡುಕಿಕೊಂಡವು, ಅಷ್ಟೆ. ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿಯ ಹೆಸರಿನಲ್ಲಿ ಉಳಿದಿರುವ ಈ ಸೀಸೆ ಪ್ರತಿಯೊಂದು ಶಾಲೆಯ ಕಿಟಕಿಯಲ್ಲೂ ಇರಬೇಕೆಂದು ನನ್ನ ಆಸೆ. ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ನನಗೆ ಗೊತ್ತಿಲ್ಲ.

*

ನಮಗೆ ಕಾಣದ್ದೆಲ್ಲ ಕತ್ತಲೆಯಲ್ಲ. 1880ರ ದಶಕದಲ್ಲಿ ಥಿಯೋಡೋರ್ ಎಂಗಲ್‌ಮನ್ ಸೂಕ್ಷ್ಮದರ್ಶಕದ ಗಾಜಿನ ಮೇಲೆ ಪುಟ್ಟದೊಂದು ವರ್ಣಪಟಲವನ್ನು ಚೆಲ್ಲಿ, ಅದರಡಿ ಈಜುವ ನೇರಳೆ ಬ್ಯಾಕ್ಟೀರಿಯಾಗಳನ್ನು ಬಿಟ್ಟು ನೋಡಿದ. ಅವು ಹೆಚ್ಚಾಗಿ ಗುಂಪುಗೂಡಿದ್ದು ಕೆಂಪಿನಾಚೆ, ಅವನ ಕಣ್ಣಿಗೆ ಏನೂ ಇಲ್ಲದ ಜಾಗದಲ್ಲಿ. ಅವಕೆಂಪು ಬೆಳಕನ್ನು ಅವನಿಗಿಂತ ಚೆನ್ನಾಗಿ ಬಲ್ಲ ಜೀವಿಗಳು ಅಲ್ಲಿದ್ದವು.

*

ಅದೇ ಎಂಗಲ್‌ಮನ್, ಬೆಳಕನ್ನು ಬಳಸುವ ಜೀವಿ ಆಮ್ಲಜನಕ ಬಿಡಲೇಬೇಕೆಂದು ನಂಬಿದ್ದ. ಎಲೆಯಿಂದ ಕಲಿತ ಪಾಠವನ್ನು ಕೆಸರಿಗೂ ಹಚ್ಚಿದ. ನೇರಳೆ ಬ್ಯಾಕ್ಟೀರಿಯಾ ಆಮ್ಲಜನಕ ಬಿಡುವುದಿಲ್ಲ ಎಂದು 1907ರಲ್ಲಿ ತನ್ನ ಪುಸ್ತಕದಲ್ಲಿ ನೇರವಾಗಿ ಬರೆದವನು ಹ್ಯಾನ್ಸ್ ಮೋಲಿಷ್. ಈ ಆಸ್ಟ್ರಿಯನ್ ಸಸ್ಯವಿಜ್ಞಾನಿ ಮುಂದೆ, 1928ರ ಹೊತ್ತಿಗೆ, ಜಗದೀಶಚಂದ್ರ ಬೋಸರ ಕಲ್ಕತ್ತಾದ ಸಂಸ್ಥೆಗೆ ಬಂದು ಕೆಲಸ ಮಾಡಿದ. ಒಳ್ಳೆಯ ಪ್ರಯೋಗ ಮಾಡುವ ಕೈಗೂ ಚೆನ್ನಾಗಿ ಗೊತ್ತಿರುವ ವಿವರಣೆಯೊಂದು ಅಡ್ಡ ಬರಬಹುದು. ಅದನ್ನು ಸರಿಸಲು ಇನ್ನೊಬ್ಬ ಬೇಕಾಗುತ್ತದೆ.

*

ಕೆಸರನ್ನು ತಿಳಿದವನು ಎಲೆಯನ್ನು ತಿಳಿದ. ಡಚ್ ಸೂಕ್ಷ್ಮಜೀವಿ ವಿಜ್ಞಾನಿ ಕಾರ್ನೆಲಿಸ್ ವಾನ್ ನೀಲ್ ಕ್ಯಾಲಿಫೋರ್ನಿಯಾದ ಕಡಲತೀರದ ಹಾಪ್‌ಕಿನ್ಸ್ ಕೇಂದ್ರದಲ್ಲಿ ಕುಳಿತು, ನೇರಳೆ ಮತ್ತು ಹಸಿರು ಗಂಧಕ ಬ್ಯಾಕ್ಟೀರಿಯಾಗಳ ಲೆಕ್ಕವನ್ನು 1931ರಲ್ಲಿ ಬಿಡಿಸಿಟ್ಟ. ಇವು ಹೈಡ್ರೋಜನ್ ಸಲ್ಫೈಡನ್ನು ಒಡೆದು ಗಂಧಕವನ್ನು ಉಳಿಸುತ್ತವೆ. ಹಾಗಾದರೆ ಎಲೆ ಒಡೆಯುವುದು ನೀರನ್ನು, ಅದು ಬಿಡುವ ಆಮ್ಲಜನಕ ಬರುವುದೂ ನೀರಿನಿಂದಲೇ, ಇಂಗಾಲದ ಡೈಆಕ್ಸೈಡಿನಿಂದ ಅಲ್ಲ. 1941ರಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಜೊತೆಗಾರರು ಭಾರದ ಆಮ್ಲಜನಕವನ್ನು ಗುರುತಾಗಿ ಬಳಸಿ ನಡೆಸಿದ ಪ್ರಯೋಗ ಈ ಮಾತಿಗೆ ಬೆಂಬಲ ಕೊಟ್ಟಿತು. ಅರಳಿಮರದ ಎಲೆಯ ಗುಟ್ಟು ಹೊಲಸು ನಾರುವ ಬಾಟಲಿಯಿಂದ ಹೊರಬಂತು. ಉಪಯೋಗ ಏನು ಎಂದು ಮೊದಲ ದಿನವೇ ಕೇಳುವವರು ಈ ಹತ್ತು ವರ್ಷಗಳನ್ನು ನೆನೆಯಬೇಕು.

*

ಮೇಲಿನವರು ಉಂಡು ಬಿಟ್ಟದ್ದರಲ್ಲಿ ಕೆಳಗಿನವರ ಸಂಸಾರ. ಪಾಚಿ ಮೇಲ್ಪದರದಲ್ಲಿ ನೀಲಿ ಮತ್ತು ಕೆಂಪನ್ನು ಹೀರಿಕೊಳ್ಳುತ್ತದೆ. 800 ನ್ಯಾನೊಮೀಟರಿನ ಆಚೆಯದು ಅದಕ್ಕೆ ಬೇಡ. ಕೆಳಗಿರುವ ನೇರಳೆ ಬ್ಯಾಕ್ಟೀರಿಯಾದ ಬೆಳಕು ಹಿಡಿಯುವ ಬಣ್ಣವಾದ ಬ್ಯಾಕ್ಟೀರಿಯೋಕ್ಲೋರೋಫಿಲ್‌ಗೆ ಬೇಕಾದದ್ದು ಅದೇ. ಕೆಲವು ಜಾತಿಗಳು 1,000 ನ್ಯಾನೊಮೀಟರಿನ ಆಸುಪಾಸಿನ ಬೆಳಕನ್ನೂ ಬಿಡುವುದಿಲ್ಲ.

*

ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ, ಕೆರೆ ನಿಲ್ಲುವುದಿಲ್ಲ. ನೀರು ಅವಕೆಂಪನ್ನು ಬೇಗ ನುಂಗುತ್ತದೆ. ಆಳದಲ್ಲಿ ಅದು ಸಿಗುವುದೇ ಇಲ್ಲ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಎತ್ತರದ ಕಡಾನ್ಯೋ ಸರೋವರದಲ್ಲಿ ಸುಮಾರು 12 ಮೀಟರ್ ಆಳದಲ್ಲಿ ನೀರೇ ನಸುಗೆಂಪಾಗಿರುವ ಒಂದು ಪದರವಿದೆ. ಮೇಲೆ ಆಮ್ಲಜನಕದ ನೀರು, ಕೆಳಗೆ ಗಂಧಕದ ನೀರು. ಇವೆರಡರ ಗಡಿಯಲ್ಲಿ ಕ್ರೋಮಾಶಿಯಂ ಒಕೆನಿಯೈ ಎಂಬ ದೊಡ್ಡ ನೇರಳೆ ಬ್ಯಾಕ್ಟೀರಿಯಾ ಒತ್ತೊತ್ತಾಗಿ ನೆಲೆಸಿದೆ. ಅಲ್ಲಿಗೆ ಇಳಿದು ಬರುವ ಹಸಿರು ಬೆಳಕನ್ನು ಅದು ಒಕೆನೋನ್ ಎಂಬ ಕೆರೋಟಿನಾಯ್ಡ್ ಬಣ್ಣದಿಂದ ಹಿಡಿಯುತ್ತದೆ. ಅವು ಬೆಳಕಿನತ್ತ ಮೇಲಕ್ಕೆ ಈಜುತ್ತವೆ. ನೀರಿಗಿಂತ ಭಾರವಾದ್ದರಿಂದ ಗುಂಪು ಸೇರಿದಲ್ಲಿ ನೀರು ಭಾರವಾಗಿ ಕೆಳಗಿಳಿಯುತ್ತದೆ. ಹೀಗೆ ಆ ಪದರದ ನೀರು ತಾನಾಗಿ ಕದಡಿಕೊಳ್ಳುತ್ತದೆ. ಗಾಳಿಯಲ್ಲ, ಬಿಸಿಲಿನ ಕಾವಲ್ಲ, ಕೆಲವೇ ಮೈಕ್ರೊಮೀಟರ್ ಉದ್ದದ ಜೀವಿಗಳು ಒಂದು ಸರೋವರದ ಒಡಲನ್ನು ಕಲಕುತ್ತಿವೆ. ಇದನ್ನು ಓದಿದ ದಿನ ನಾನು ಬೇರೇನನ್ನೂ ಓದಲಿಲ್ಲ.

*

ನೇರಳೆ ಬಣ್ಣ ಬಹುಪಾಲು ಕೆರೋಟಿನಾಯ್ಡ್‌ಗಳ ಕೊಡುಗೆ. ಅವುಗಳನ್ನು ಕಳೆದುಕೊಂಡ ರೂಪಾಂತರಿಗಳು ನೀಲಿಹಸಿರಾಗಿ ಕಾಣುತ್ತವೆ, ಕತ್ತಲೆಯ ಗಾಳಿಯಲ್ಲಿ ಬದುಕುತ್ತವೆ, ಬೆಳಕೂ ಆಮ್ಲಜನಕವೂ ಒಟ್ಟಿಗೆ ತಾಗಿದರೆ ಸಾಯುತ್ತವೆ. ಬಣ್ಣ ಅವಕ್ಕೆ ಅಲಂಕಾರವಲ್ಲ, ಜೀವರಕ್ಷೆ.

*

ಮಹಾರಾಷ್ಟ್ರದ ಲೋಣಾರ್ ಸರೋವರ 2020ರ ಜೂನ್‌ನಲ್ಲಿ ಗುಲಾಬಿಯಾದಾಗ ನೇರಳೆ ಬ್ಯಾಕ್ಟೀರಿಯಾಗಳ ಮಾತೂ ಬಂತು. ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆ ಕಂಡುಕೊಂಡದ್ದು ಉಪ್ಪನ್ನು ಬಯಸುವ ಬೇರೊಂದು ವಂಶದ ಜೀವಿಗಳನ್ನು, ಆರ್ಕಿಯಾಗಳನ್ನು. ಬಣ್ಣ ಒಂದೇ ಆದ ಮಾತ್ರಕ್ಕೆ ಬಳಗ ಒಂದೇ ಆಗದು.

*

ಒಂಬತ್ತು ಸಮಭಾಗಗಳ ಒಂದು ಉಂಗುರ, ಅದರಲ್ಲಿ 27 ಬ್ಯಾಕ್ಟೀರಿಯೋಕ್ಲೋರೋಫಿಲ್ ಅಣುಗಳು: 9 ಬಿಡಿಬಿಡಿಯಾಗಿ, 18 ಒತ್ತಾಗಿ. ಬೆಳಕು ಹಿಡಿಯುವ ಈ ಪ್ರೋಟೀನಿನ ರಚನೆಯನ್ನು ಗ್ಲಾಸ್ಗೋದ ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದರು. ಬಿದ್ದ ಬೆಳಕಿನ ಶಕ್ತಿ ಉಂಗುರದಿಂದ ಉಂಗುರಕ್ಕೆ ದಾಟಿ, ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಅಳತೆಯ ಕಾಲದಲ್ಲಿ, ಎಲೆಕ್ಟ್ರಾನನ್ನು ಮೇಲೆತ್ತುವ ಕ್ರಿಯಾಕೇಂದ್ರವನ್ನು ಮುಟ್ಟುತ್ತದೆ. ಅಲ್ಲಿಗೆ ಮುಟ್ಟಿದ ಬೆಳಕಿನ ಕಣ ಹೆಚ್ಚುಕಡಿಮೆ ಒಂದೂ ಹಾಳಾಗುವುದಿಲ್ಲ. ಚೆಲುವು ಮತ್ತು ಕಾರ್ಯ ಇಷ್ಟು ಹತ್ತಿರ ಕೂತಿರುವುದನ್ನು ನಾನು ಬೇರೆಡೆ ಕಂಡಿಲ್ಲ.

*

ಜೀವಕೋಶದ ಪೊರೆಯಲ್ಲಿ ಹುದುಗಿದ ಪ್ರೋಟೀನ್ ಎಂದೂ ಹರಳುಗಟ್ಟದು ಎಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, ಹಾರ್ಟ್‌ಮುಟ್ ಮಿಷೆಲ್ ನೇರಳೆ ಬ್ಯಾಕ್ಟೀರಿಯಾವೊಂದರ ಕ್ರಿಯಾಕೇಂದ್ರವನ್ನು ಹರಳುಗಟ್ಟಿಸಿ 1982ರಲ್ಲಿ ತೋರಿಸಿದ. ಯೋಹಾನ್ ಡೈಸೆನ್‌ಹೋಫರ್ ಮತ್ತು ರಾಬರ್ಟ್ ಹ್ಯೂಬರ್ ಜೊತೆ ಅದರ ಪರಮಾಣುಗಳ ನೆಲೆ ಗುರುತಿಸಿದ್ದಕ್ಕೆ 1988ರ ರಸಾಯನವಿಜ್ಞಾನದ ನೊಬೆಲ್ ಬಂತು. ಎಲೆಯ ಯಂತ್ರ ಇನ್ನೂ ಮುಸುಕಿನಲ್ಲಿದ್ದಾಗ ಅದರ ಹಳೆಯ ನೆಂಟನೇ ಮೊದಲು ಮುಖ ತೋರಿಸಿದ್ದು.

*

ಗಾಳಿಯಾಡುವಂತೆ ಕುಲುಕುತ್ತ ಬೆಳೆಸಿದರೆ ಇವು ಬಿಳಿಚಿಕೊಳ್ಳುತ್ತವೆ. ಆಮ್ಲಜನಕ ಸಿಕ್ಕರೆ ಉಸಿರಾಡಿ ಬದುಕುವುದು ಸುಲಭ, ಬೆಳಕು ಹಿಡಿಯುವ ಸಲಕರಣೆ ಕಟ್ಟುವ ಖರ್ಚು ಯಾಕೆ? ಆಮ್ಲಜನಕ ಇಳಿದೊಡನೆ ಒಳಪೊರೆಗಳು ಮಡಿಕೆ ಮಡಿಕೆಯಾಗಿ ಬೆಳೆದು ಬಾಟಲಿ ಕೆಂಪಾಗುತ್ತದೆ. ರೋಡೊಸ್ಯೂಡೊಮೊನಾಸ್ ಪಲುಸ್ಟ್ರಿಸ್ ಎಂಬ ಒಂದೇ ಜಾತಿ ನಾಲ್ಕು ಬಗೆಯಲ್ಲಿ ಬದುಕಬಲ್ಲದು: ಬೆಳಕು ಮತ್ತು ಇಂಗಾಲದ ಡೈಆಕ್ಸೈಡಿನಿಂದ, ಬೆಳಕು ಮತ್ತು ಸಾವಯವ ಆಮ್ಲಗಳಿಂದ, ಬೆಳಕಿಲ್ಲದೆ ರಾಸಾಯನಿಕಗಳಿಂದ, ನಮ್ಮ ಹಾಗೆ ಉಂಡು ಉಸಿರಾಡಿ. 2004ರಲ್ಲಿ ಪ್ರಕಟವಾದ ಅದರ ಜೀನೋಮಿನಲ್ಲಿ ಸಾರಜನಕ ಸ್ಥಿರಗೊಳಿಸುವ ಕಿಣ್ವ ಒಂದಲ್ಲ, ಮೂರು ಬಗೆಯದು ಕಂಡಿತು. ಮಾಲಿಬ್ಡಿನಂ ಸಿಗದಿದ್ದರೆ ವನೇಡಿಯಂ, ಅದೂ ಇಲ್ಲದಿದ್ದರೆ ಬರಿಯ ಕಬ್ಬಿಣ.

*

ಹಸಿವಿಗಿಂತ ದೊಡ್ಡ ಕಷ್ಟ ಒಂದಿದೆ: ಒಳಗೆ ಬಂದದ್ದನ್ನು ಹೊರಗೆ ಕಳಿಸಲಾಗದಿರುವುದು.

*

ಇದೇ ಈ ಜೀವಿಗಳ ಚಯಾಪಚಯದ ನಡುಗಂಬ, ಸ್ವಲ್ಪ ನಿಂತು ನೋಡಬೇಕು. ಬೆಳಕಿನಿಂದ ಎದ್ದ ಎಲೆಕ್ಟ್ರಾನ್ ಇವುಗಳ ಪೊರೆಯಲ್ಲಿ ಒಂದು ಸುತ್ತು ಹೊಡೆದು ಹೊರಟಲ್ಲಿಗೇ ಮರಳುತ್ತದೆ. ಆ ಸುತ್ತಿನಲ್ಲಿ ಜೀವಕೋಶದ ಶಕ್ತಿನಾಣ್ಯವಾದ ಎಟಿಪಿ ಹುಟ್ಟುತ್ತದೆ, ಎಲೆಕ್ಟ್ರಾನ್ ಖರ್ಚಾಗುವುದಿಲ್ಲ. ಶಕ್ತಿಗೆ ಬರವಿಲ್ಲ. ಆದರೆ ಮೈ ಕಟ್ಟಲು ತಿಂದ ಸಾವಯವ ಆಮ್ಲದ ಜೊತೆ ಎಲೆಕ್ಟ್ರಾನ್‌ಗಳೂ ಒಳಬಂದಿವೆ. ನಾವಾದರೆ ಅವನ್ನು ಉಸಿರಿನ ಆಮ್ಲಜನಕಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುತ್ತೇವೆ. ಇವು ಇರುವಲ್ಲಿ ಆಮ್ಲಜನಕವಿಲ್ಲ. ಮಳೆಗಾಲದಲ್ಲಿ ತುಂಬುತ್ತಲೇ ಇರುವ ಕೆರೆಯ ಹಾಗೆ: ತೂಬು ಮುಚ್ಚಿದ್ದರೆ ಕೋಡಿ ಹರಿಯಬೇಕು, ಕೋಡಿಯನ್ನೂ ಕಟ್ಟಿದರೆ ಏರಿ ಒಡೆಯುತ್ತದೆ. ಹಾಗಾಗಿ ಆಹಾರ ಯಥೇಚ್ಛವಾಗಿದ್ದಾಗಲೂ ಈ ಬ್ಯಾಕ್ಟೀರಿಯಾ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸ್ಥಿರಗೊಳಿಸುತ್ತದೆ. ಅದು ಊಟಕ್ಕಾಗಿ ಅಲ್ಲ, ಹೆಚ್ಚಾದ ಎಲೆಕ್ಟ್ರಾನ್‌ಗಳಿಗೆ ಹೋಗಲೊಂದು ಜಾಗ ಬೇಕೆಂದು. ಜೇಮ್ಸ್ ಮೆಕಿನ್ಲೆ ಮತ್ತು ಕ್ಯಾರೊಲಿನ್ ಹಾರ್ವುಡ್ 2010ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಆ ದಾರಿಯನ್ನು ಜೀನ್ ಮಟ್ಟದಲ್ಲಿ ಮುಚ್ಚಿದರೆ, ತಿನ್ನಲು ಬೇಕಾದಷ್ಟಿದ್ದರೂ ಜೀವಕೋಶ ಬೆಳೆಯುವುದು ನಿಲ್ಲುತ್ತದೆ, ಇಲ್ಲವೇ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ.

*

ಆ ಇನ್ನೊಂದು ದಾರಿಗೆ ಜಲಜನಕ ಎಂದು ಹೆಸರು.

*

1949ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹೊವರ್ಡ್ ಗೆಸ್ಟ್, ಮೊದಲು ಹೇಳಿದ ಅದೇ ಕಾಮೆನ್ ಜೊತೆ, ರೋಡೊಸ್ಪಿರಿಲಮ್ ರುಬ್ರಮ್ ಎಂಬ ನೇರಳೆ ಬ್ಯಾಕ್ಟೀರಿಯಾವನ್ನು ಬೆಳಕಿನಲ್ಲಿ ಬೆಳೆಸುತ್ತಿದ್ದ. ಬಾಟಲಿಯಲ್ಲಿ ಗುಳ್ಳೆ ಏಳತೊಡಗಿತು. ಅಮೋನಿಯಾ ಕೊಡದೆ ಗ್ಲುಟಮೇಟ್ ಕೊಟ್ಟಾಗ ಮಾತ್ರ ಹೀಗಾಗುತ್ತಿತ್ತು. ಅನಿಲ ಜಲಜನಕವಾಗಿತ್ತು. ಸಾರಜನಕ ಹಾಯಿಸಿದರೆ ಜಲಜನಕ ನಿಲ್ಲುತ್ತಿತ್ತು. ಈ ಎಳೆಯನ್ನು ಹಿಡಿದು ಹೋಗಿ ಅವರು ಎರಡು ಸಂಗತಿಗಳನ್ನು ಒಟ್ಟಿಗೆ ಕಂಡರು: ಈ ಜೀವಿ ಬೆಳಕಿನಲ್ಲಿ ಜಲಜನಕ ಬಿಡುತ್ತದೆ, ಗಾಳಿಯ ಸಾರಜನಕವನ್ನೂ ಸ್ಥಿರಗೊಳಿಸುತ್ತದೆ. ಎರಡೂ ಒಂದೇ ಕಿಣ್ವದ ಕೆಲಸ. ನೈಟ್ರೋಜಿನೇಸ್ ಎಂಬ ಆ ಕಿಣ್ವ ಒಂದು ಸಾರಜನಕ ಅಣುವನ್ನು ಅಮೋನಿಯಾ ಮಾಡಲು 8 ಎಲೆಕ್ಟ್ರಾನ್, 16 ಎಟಿಪಿ ಖರ್ಚು ಮಾಡಿ, ಜೊತೆಗೆ ಒಂದು ಜಲಜನಕ ಅಣುವನ್ನು ಬಿಟ್ಟೇ ಬಿಡುತ್ತದೆ. ಸಾರಜನಕ ಇಲ್ಲದಿದ್ದರೆ ಎಲೆಕ್ಟ್ರಾನ್‌ಗಳೆಲ್ಲ ಜಲಜನಕಕ್ಕೇ ಹೋಗುತ್ತವೆ. ಬೇಡದ ಗುಳ್ಳೆಯೆಂದು ಬಾಟಲಿಯನ್ನು ತೊಳೆಯಲು ಇಟ್ಟಿದ್ದರೆ ಇಷ್ಟೂ ತಪ್ಪಿಹೋಗುತ್ತಿತ್ತು.

*

ಒಂದು ಜಲಜನಕ ಅಣುವಿಗೆ 4 ಎಟಿಪಿ. ದುಬಾರಿ ಎನ್ನುವವರು ಎಟಿಪಿಯ ಬೆಲೆ ತೆರುತ್ತಿರುವವರು ಯಾರೆಂದು ನೋಡಬೇಕು. ಬಿಸಿಲು.

*

ಅಮೋನಿಯಾ ಚೂರು ಸಿಕ್ಕರೂ ನೈಟ್ರೋಜಿನೇಸ್ ಕೈಕಟ್ಟಿ ಕೂರುತ್ತದೆ. ಬೇಕಾದ ಗೊಬ್ಬರ ಮನೆ ಬಾಗಿಲಿಗೆ ಬಂದಾಗ ಅಷ್ಟು ಖರ್ಚಿನ ಯಂತ್ರವನ್ನು ಓಡಿಸುವುದು ಜಾಣತನವಲ್ಲ. ಅಮೋನಿಯಾ ಇದ್ದರೂ ಯಂತ್ರ ನಿಲ್ಲದಂತೆ ಮಾಡಿದ ತಳಿಗಳೂ ಇಂದು ಇವೆ. ಒಂದು ನಿಯಂತ್ರಕ ಪ್ರೋಟೀನಿನಲ್ಲಿ ಸಣ್ಣದೊಂದು ಬದಲಾವಣೆ ಸಾಕಾಯಿತು. ಕೊಳಚೆ ನೀರಿನಲ್ಲಿ ಅಮೋನಿಯಾ ಇದ್ದೇ ಇರುವುದರಿಂದ ಜಲಜನಕ ಬಯಸುವವರಿಗೆ ಈ ತಳಿಗಳು ಮುಖ್ಯ. ಆದರೆ ಜೀವಿಯ ಸಂಯಮವನ್ನು ನಾವು ಮುರಿದಾಗ ಅದರ ಬೆಳವಣಿಗೆಯ ವೇಗದಲ್ಲಿ ದಂಡ ಕಟ್ಟಬೇಕಾದೀತು ಎಂಬುದನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಬೇಕು.

*

ಜೈವಿಕ ತಂತ್ರಜ್ಞಾನವೆಂದರೆ ಬಹಳ ಸಲ ಇಷ್ಟೆ: ಒಂದು ಬಾಗಿಲು ಮುಚ್ಚಿ, ಜೀವಿ ಯಾವ ಬಾಗಿಲಿನಿಂದ ಹೊರಬರುತ್ತದೆಂದು ಕಾಯುವುದು. ಸಾರಜನಕ ತಡೆದರೆ ಜಲಜನಕ. ಸಾರಜನಕ ಕಮ್ಮಿಯಿದ್ದು ಅಸಿಟೇಟ್ ಹೇರಳವಾಗಿದ್ದರೆ, ಎಲೆಕ್ಟ್ರಾನೂ ಇಂಗಾಲವೂ ಸೇರಿ ಜೀವಕೋಶದೊಳಗೆ ಪಿಎಚ್‌ಬಿ ಎಂಬ ಪಾಲಿಯೆಸ್ಟರಿನ ಬಿಳಿ ಕಣಗಳು. ಮಣ್ಣಿನಲ್ಲಿ ಕೊಳೆಯಬಲ್ಲ ಪ್ಲಾಸ್ಟಿಕ್ ಎಂದು ನಾವು ಹಂಬಲಿಸುವ ಇದನ್ನು ಮಾರಿಸ್ ಲೆಮಾನ್ಯ 1926ರಲ್ಲಿ ಬೇರೊಂದು ಬ್ಯಾಕ್ಟೀರಿಯಾದಲ್ಲಿ ಗುರುತಿಸಿದ್ದ. ನಮಗದು ಸರಕು, ಜೀವಿಗೆ ಬರಗಾಲದ ಕಣಜ. ಜಲಜನಕ ಬೇಕಾದವರಿಗೆ ಮಾತ್ರ ಈ ಕಣಜ ಪ್ರತಿಸ್ಪರ್ಧಿ. ಎರಡೂ ಒಂದೇ ಎಲೆಕ್ಟ್ರಾನಿಗೆ ಕೈಚಾಚುತ್ತವೆ. ಎಲ್ಲವನ್ನೂ ಏಕಕಾಲಕ್ಕೆ ಕೊಡುವ ಬ್ಯಾಕ್ಟೀರಿಯಾ ಇದೆ ಎಂದು ಯಾರಾದರೂ ಹೇಳಿದರೆ, ಎಲೆಕ್ಟ್ರಾನ್‌ಗಳ ಜಮಾಖರ್ಚು ತೋರಿಸಿ ಎಂದು ಕೇಳಿ.

*

ಚರಂಡಿ ನೀರನ್ನು ಶುದ್ಧಮಾಡುವ ಇಂದಿನ ಘಟಕಗಳಲ್ಲಿ ಕರೆಂಟು ಉರಿಸಿ ಗಾಳಿ ಊದುತ್ತೇವೆ. ಆ ಗಾಳಿಯಿಂದ ಬ್ಯಾಕ್ಟೀರಿಯಾಗಳು ಕೊಳೆಯ ಇಂಗಾಲದಲ್ಲಿ ದೊಡ್ಡ ಪಾಲನ್ನು ಸುಟ್ಟು ಆಕಾಶಕ್ಕೆ ಬಿಡುತ್ತವೆ, ಸಾರಜನಕವನ್ನೂ ಗಾಳಿಗೆ ಮರಳಿಸುತ್ತವೆ. ಆಮೇಲೆ ಕಾರ್ಖಾನೆಯಲ್ಲಿ ಮತ್ತೆ ಇಂಧನ ಸುಟ್ಟು ಅದೇ ಸಾರಜನಕವನ್ನು ಯೂರಿಯಾ ಮಾಡುತ್ತೇವೆ. ಈ ಸುತ್ತು ನನ್ನ ಮನಸ್ಸಿಗೆ ಎಂದೂ ಒಪ್ಪಿಲ್ಲ. ನೇರಳೆ ಬ್ಯಾಕ್ಟೀರಿಯಾ ಶಕ್ತಿಯನ್ನು ಬೆಳಕಿನಿಂದ ಪಡೆಯುವುದರಿಂದ ಆಹಾರವನ್ನು ಸುಡಬೇಕಾಗಿಲ್ಲ. ಕೊಳೆಯ ಇಂಗಾಲ, ಸಾರಜನಕ, ರಂಜಕ ಮೂರನ್ನೂ ಬಹುಮಟ್ಟಿಗೆ ತನ್ನ ಮೈಯಾಗಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರು ಊರಿನ ಕೊಳಚೆ ನೀರಿಗೆ ಅವಕೆಂಪು ಬೆಳಕು ಮಾತ್ರ ಬೀಳಿಸಿ ನೋಡಿದರು. ಹೊರಗಿನಿಂದ ತಳಿ ತಂದು ಹಾಕಬೇಕಾಗಲಿಲ್ಲ. ಪಾಚಿಗೆ ಆ ಬೆಳಕು ಬೇಡ, ಇವಕ್ಕೆ ಬೇಕು. ಕೊಳಚೆಯಲ್ಲೇ ಇದ್ದ ನೇರಳೆ ಬ್ಯಾಕ್ಟೀರಿಯಾಗಳು ತಾವಾಗಿ ಮೇಲುಗೈ ಪಡೆದವು.

*

ಆದರೆ ಬೆಳಕನ್ನು ಕರೆಂಟಿನಿಂದ ಕೊಟ್ಟರೆ ಉಳಿಸಿದ ಗಾಳಿಯ ಖರ್ಚು ದೀಪದಲ್ಲಿ ಹೋಗುತ್ತದೆ. ಬಿಸಿಲಿನಲ್ಲೇ ಮಾಡೋಣವೆಂದರೆ ಜಾಗ ಬೇಕು, ರಾತ್ರಿಯೂ ಬರುತ್ತದೆ. ಬೆಳೆದದ್ದನ್ನು ನೀರಿನಿಂದ ಬೇರ್ಪಡಿಸುವುದು ಬೇರೆಯೇ ಕಷ್ಟ. ಒಂದೆರಡು ಮೈಕ್ರೊಮೀಟರಿನ ಜೀವಿ ತಾನಾಗಿ ತಳಕ್ಕೆ ಕೂರುವುದಿಲ್ಲ. ಇವನ್ನು ಮುಚ್ಚಿಟ್ಟು ಬರೆಯುವ ಭರವಸೆಯ ಲೇಖನಗಳು ಈ ಕ್ಷೇತ್ರಕ್ಕೆ ಉಪಕಾರ ಮಾಡಿಲ್ಲ.

*

ಈ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಪ್ರಯೋಗಾಲಯಕ್ಕೆ ಹೋದರೆ ಹಳೆಯ ಕಾಲದ ತಂತಿಬಲ್ಬು ಇನ್ನೂ ಉರಿಯುತ್ತಿರುವುದು ಕಾಣಬಹುದು. ಮನೆಗಳಿಂದ ನಾವು ಅದನ್ನು ಓಡಿಸಿದ್ದು ಬೆಳಕಿಗಿಂತ ಕಾವೇ ಹೆಚ್ಚು ಕೊಡುತ್ತದೆ ಎಂದು. ಆ ಕಾವಿನೊಂದಿಗೆ ಹೊಮ್ಮುವ ಅವಕೆಂಪೇ ಇವಕ್ಕೆ ಊಟ. ಬಿಳಿ ಎಲ್‌ಇಡಿಯ ಕೆಳಗೆ, ನಮ್ಮ ಕಣ್ಣು ಕೋರೈಸುವಾಗಲೂ, ಇವು ಅರೆಹೊಟ್ಟೆಯಲ್ಲಿರುತ್ತವೆ. ಬಾಯಿವರೆಗೆ ತುಂಬಿ ಗಾಳಿಗುಳ್ಳೆ ಉಳಿಯದಂತೆ ಬಿರಡೆ ಬಿಗಿದ ಬಾಟಲಿಗಳನ್ನು ಬಲ್ಬಿನ ಸುತ್ತ ಜೋಡಿಸಿರುತ್ತಾರೆ. ಮೊದಲು ನೀರು ಮಸುಕಾಗುತ್ತದೆ, ಆಮೇಲೆ ನಸುಗೆಂಪು, ಕೊನೆಗೆ ಕೋಕಂ ಶರಬತ್ತಿನ ಬಣ್ಣ.

*

ಕ್ಯೋಟೋದ ಮಿಚಿಹಾರು ಕೊಬಯಾಶಿ ಕೊಳಚೆ ಶುದ್ಧೀಕರಣದಲ್ಲಿ ಬೆಳೆದ ಈ ಜೀವರಾಶಿಯನ್ನು ಮೀನಿಗೂ ಕೋಳಿಗೂ ಮೇವಾಗಿ, ಹೊಲಕ್ಕೆ ಗೊಬ್ಬರವಾಗಿ ಬಳಸಬಹುದೆಂದು ಅರ್ಧ ಶತಮಾನದ ಹಿಂದೆಯೇ ತೋರಿಸಿದ್ದ. ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್, ಜೊತೆಗೆ ಜೀವಸತ್ವಗಳು, ಕೆರೋಟಿನಾಯ್ಡ್‌ಗಳು. ಆದರೆ ಏನನ್ನು ತಿಂದು ಬೆಳೆದಿದೆ ಎಂಬುದು ಮೇವಿನ ಮೊದಲ ಪ್ರಶ್ನೆ. ಹಿಟ್ಟಿನ ಗಿರಣಿ, ಡೈರಿ, ಬ್ರೂವರಿಗಳ ತೊಳೆದ ನೀರು ಬೇರೆ. ಪಾದರಸ, ಸೀಸ ಬೆರೆತಿರಬಹುದಾದ ನಗರದ ಚರಂಡಿ ಬೇರೆ. ಇವೆರಡನ್ನು ಒಂದೇ ಉಸಿರಿನಲ್ಲಿ ಹೇಳಬಾರದು.

*

ಸಿಗಡಿ, ಮೀನಿನ ಕೊಳಗಳಿಗೆ ಸುರಿಯಲು ನೇರಳೆ ಬ್ಯಾಕ್ಟೀರಿಯಾ ಇದೆಯೆನ್ನುವ ಕೆಂಪು ದ್ರವದ ಕ್ಯಾನುಗಳು ಮಾರಾಟಕ್ಕಿವೆ. ಕೊಳದ ತಳದ ಹೈಡ್ರೋಜನ್ ಸಲ್ಫೈಡನ್ನು ತಿನ್ನಬಲ್ಲ ಜೀವಿಯನ್ನು ಅಲ್ಲಿ ಬಿಡುವ ಯೋಚನೆಯಲ್ಲಿ ತಪ್ಪಿಲ್ಲ. ಕ್ಯಾನಿನಲ್ಲಿ ಯಾವ ಜಾತಿ, ಮಿಲಿಲೀಟರಿಗೆ ಎಷ್ಟು ಜೀವಂತ ಕೋಶ, ಯಾವತ್ತು ತುಂಬಿದ್ದು? ರೈತ ಈ ಮೂರನ್ನು ಕೇಳಬೇಕು. ಬಣ್ಣ ಸತ್ತ ಕೋಶದಲ್ಲೂ ಉಳಿಯುತ್ತದೆ.

*

ಭತ್ತದ ಗದ್ದೆಯ ನಿಂತ ನೀರಿನಡಿಯಲ್ಲಿ ಇವು ಯಾರೂ ಕರೆಯದೆಯೇ ಇವೆ. ಬೇರನ್ನು ಕೊಲ್ಲುವ ಸಲ್ಫೈಡನ್ನು ತಿಂದು, ಒಂದಿಷ್ಟು ಸಾರಜನಕವನ್ನು ಕೂಡಿಸುತ್ತ.

*

ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ 5-ಅಮಿನೊಲೆವ್ಯುಲಿನಿಕ್ ಆಮ್ಲವನ್ನು ಕುಡಿಸುತ್ತಾರೆ. ಗ್ಲಯೋಮಾ ಎಂಬ ಗಡ್ಡೆಯ ಜೀವಕೋಶ ಅದನ್ನು ಪಾರ್ಫೈರಿನ್ ಆಗಿಸಿ ಕೂಡಿಟ್ಟುಕೊಳ್ಳುತ್ತದೆ. ನೀಲಿ ಬೆಳಕಿನಲ್ಲಿ ಗಡ್ಡೆ ಕೆಂಪಗೆ ಹೊಳೆಯುತ್ತದೆ, ಆರೋಗ್ಯವಂತ ಮೆದುಳು ಹೊಳೆಯುವುದಿಲ್ಲ. ವೈದ್ಯರಿಗೆ ಅಂಚು ಕಾಣುತ್ತದೆ. ಅಮೆರಿಕದ ಔಷಧ ನಿಯಂತ್ರಕರು ಈ ಬಳಕೆಗೆ 2017ರಲ್ಲಿ ಒಪ್ಪಿಗೆ ಕೊಟ್ಟರು. ನಮ್ಮ ರಕ್ತದ ಹೀಮ್, ಎಲೆಯ ಪತ್ರಹರಿತ್ತು, ನೇರಳೆ ಬ್ಯಾಕ್ಟೀರಿಯಾದ ಬೆಳಕು ಹಿಡಿಯುವ ಬಣ್ಣ ಎಲ್ಲವೂ ಇದೇ ಆಮ್ಲದಿಂದ ಶುರುವಾಗುತ್ತವೆ. ಜಪಾನಿನಲ್ಲಿ ಈ ಆಮ್ಲವನ್ನು ಹೆಚ್ಚು ಪ್ರಮಾಣದಲ್ಲಿ ತಯಾರಿಸಲು ಆರಿಸಿಕೊಂಡದ್ದು ರೋಡೊಬ್ಯಾಕ್ಟರ್ ಸ್ಫಿರಾಯ್ಡಿಸ್ ಎಂಬ ನೇರಳೆ ಬ್ಯಾಕ್ಟೀರಿಯಾದ ರೂಪಾಂತರಿಗಳನ್ನು. ಬಣ್ಣ ಕಟ್ಟುವುದರಲ್ಲಿ ನುರಿತ ಜೀವಿಯನ್ನು ಬಣ್ಣದ ಮೊದಲ ಮೆಟ್ಟಿಲಲ್ಲೇ ನಿಲ್ಲಿಸಿದರು.

*

ನಮ್ಮ ಪ್ರತಿಯೊಂದು ಉಸಿರನ್ನು ಬಳಸಿಕೊಳ್ಳುವ ಮೈಟೊಕಾಂಡ್ರಿಯ ನೇರಳೆ ಬ್ಯಾಕ್ಟೀರಿಯಾಗಳ ದೂರದ ದಾಯಾದಿ. ಅದರ ಮೂಲಪುರುಷ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾಗಳ ಕಡೆಯವನು. ಹಲವು ನೇರಳೆ ಬ್ಯಾಕ್ಟೀರಿಯಾಗಳೂ ಆ ವಂಶದವೇ. ಎಲೆಕ್ಟ್ರಾನ್ ಹೊರುವ ಸೈಟೊಕ್ರೋಮ್ ಸಿ ಇಬ್ಬರಲ್ಲೂ ಒಂದೇ ಅಚ್ಚಿನದು. ಇವುಗಳಿಂದ ತೆಗೆಯುವ ಕೋಎನ್‌ಜೈಮ್ ಕ್ಯೂ10 ನಮ್ಮ ಮೈಟೊಕಾಂಡ್ರಿಯಕ್ಕೆ ಬೇಕಾದದ್ದೇ ಆಗಿರುವುದು ಆಕಸ್ಮಿಕವಲ್ಲ.

*

ಸಂಡೂರಿನ, ಬಾಬಾಬುಡನ್ ಬೆಟ್ಟಗಳ, ಕುದುರೆಮುಖದ ಪಟ್ಟಿಪಟ್ಟಿ ಕಬ್ಬಿಣದ ಬಂಡೆಯನ್ನು ಕೈಯಲ್ಲಿ ಹಿಡಿದವರು 250 ಕೋಟಿ ವರ್ಷಕ್ಕೂ ಹಿಂದಿನ ಕಡಲ ತಳವನ್ನು ಹಿಡಿದಿರುತ್ತಾರೆ. ಅಂದಿನ ಕಡಲಲ್ಲಿ ಕಬ್ಬಿಣ ಕರಗಿತ್ತು, ಗಾಳಿಯಲ್ಲಿ ಆಮ್ಲಜನಕವಿರಲಿಲ್ಲ. ತುಕ್ಕು ಹೇಗೆ ಹಿಡಿಯಿತು? ಬೆಳಕಿನ ಬಲದಿಂದ ಕಬ್ಬಿಣದ ಎಲೆಕ್ಟ್ರಾನನ್ನು ತೆಗೆದುಕೊಂಡು ತುಕ್ಕನ್ನು ಬಿಡುವ ನೇರಳೆ ಬ್ಯಾಕ್ಟೀರಿಯಾಗಳನ್ನು ಫ್ರೀಡ್ರಿಷ್ ವಿಡ್ಡೆಲ್ ಮತ್ತು ಸಂಗಡಿಗರು 1993ರಲ್ಲಿ ವರದಿ ಮಾಡಿದರು. ಇಂಥ ಜೀವಿಗಳ ಪೂರ್ವಜರೇ ಈ ಬಂಡೆಗಳ ಒಂದು ಪಾಲನ್ನು ಕೂಡಿಹಾಕಿರಬಹುದೆಂಬ ವಾದ ಇಂದು ಗಂಭೀರವಾಗಿ ನಡೆಯುತ್ತಿದೆ. ಗಣಿಲಾರಿಗಳಲ್ಲಿ ಬಳ್ಳಾರಿ ದಾಟಿ ಹೋದ ಅದಿರಿನಲ್ಲಿ ಅಂಥ ದುಡಿಮೆಯೂ ಸೇರಿದ್ದರೆ, ಅದನ್ನು ತೂಕಕ್ಕೆ ಹಾಕಿದ ಅವಸರ ನೋವು ತರುತ್ತದೆ.

*

ಹೊಸ ಜಾತಿಗೆ ಹೆಸರಿಡಲು ದೂರ ಹೋಗಬೇಕಿಲ್ಲ. ಹೈದರಾಬಾದಿನ ಚ. ಶಶಿಕಲಾ ಮತ್ತು ಚ. ವೆಂಕಟರಮಣ ಭಾರತದ ಕೊಳ, ಕಡಲತೀರ, ಉಪ್ಪುನೀರುಗಳಿಂದ ಎಷ್ಟೋ ಹೊಸ ನೇರಳೆ ಬ್ಯಾಕ್ಟೀರಿಯಾಗಳನ್ನು ಬಿಡಿಸಿ ಜಗತ್ತಿಗೆ ಪರಿಚಯಿಸಿದ್ದಾರೆ. ಒತ್ತುವರಿಯಾಗಿ ಮಣ್ಣು ತುಂಬಿದ ಪ್ರತಿ ಹೊಂಡದ ಜೊತೆ ಹೆಸರಿಲ್ಲದ ಜಾತಿಗಳೂ ಹೋಗಿರುತ್ತವೆ.

*

ಜಪಾನಿನ ರಿಕೆನ್ ಸಂಸ್ಥೆಯವರು ಕಡಲಿನ ನೇರಳೆ ಬ್ಯಾಕ್ಟೀರಿಯಾವೊಂದಕ್ಕೆ ಜೇಡರ ಹುಳುವಿನ ಜೀನ್ ಕೊಟ್ಟು, ಜೇಡದ ನೂಲಿನ ಪ್ರೋಟೀನ್ ಮಾಡಿಸಿ 2020ರಲ್ಲಿ ಪ್ರಕಟಿಸಿದರು. ಕಡಲನೀರು, ಗಾಳಿ, ಬೆಳಕು ಇಷ್ಟರ ಮೇಲೆ ಬೆಳೆಯಬಲ್ಲ ಜೀವಿ. ಕುಡಿಯುವ ನೀರನ್ನೂ ಸಕ್ಕರೆಯನ್ನೂ ಕೇಳದ ಕಾರ್ಖಾನೆಯ ಯೋಚನೆ ಇಲ್ಲಿದೆ. ನೂಲಿನ ಪ್ರಮಾಣ ಇನ್ನೂ ಬಹಳ ಹೆಚ್ಚಬೇಕು.

*

ಈಗ ಈ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಎಲ್ಲರ ಕೈಯನ್ನೂ ಕಟ್ಟಿಹಾಕಿರುವುದು ನೆರಳು. ಬಾಟಲಿಯಲ್ಲಿ ಚೆಂದ ಕಾಣುವ ಕಡುಗೆಂಪೇ ದೊಡ್ಡ ತೊಟ್ಟಿಯಲ್ಲಿ ಶತ್ರುವಾಗುತ್ತದೆ. ಗೋಡೆಯ ಪಕ್ಕದ ಜೀವಕೋಶಗಳು ಬೇಕಾದ್ದಕ್ಕಿಂತ ಹೆಚ್ಚು ಬೆಳಕನ್ನು ಹೀರಿ ಅದರಲ್ಲಿ ಬಹುಪಾಲನ್ನು ಕಾವಾಗಿ ಕಳೆಯುತ್ತವೆ. ಕೆಲವೇ ಸೆಂಟಿಮೀಟರ್ ಒಳಗಿರುವವು ಕತ್ತಲಲ್ಲಿ ಕೂತಿರುತ್ತವೆ. ಬೆಳಕು ಹಿಡಿಯುವ ಉಂಗುರಗಳು ಕಡಿಮೆಯಿರುವ ತಳಿಗಳನ್ನು ಕೆಲವರು ರೂಪಿಸಿದ್ದಾರೆ, ಪ್ರತಿ ಕೋಶ ಸ್ವಲ್ಪವೇ ತೆಗೆದುಕೊಂಡು ಉಳಿದದ್ದನ್ನು ಹಿಂದಿನವರಿಗೆ ಬಿಡಲಿ ಎಂದು. ಇನ್ನು ಕೆಲವರು ತೊಟ್ಟಿಯನ್ನೇ ಬಿಟ್ಟು ತೆಳ್ಳಗಿನ ಗಾಜಿನ ಫಲಕಗಳನ್ನು, ಕೊಳವೆಗಳನ್ನು ಬಿಸಿಲಿಗೆ ಹಾಸಿದ್ದಾರೆ. ಫಲಕ ತೆಳುವಾದಷ್ಟೂ ಗಾಜು ಹೆಚ್ಚು ಬೇಕು, ಜಲಜನಕ ಸೋರುವ ಸಂದುಗಳೂ ಹೆಚ್ಚು, ನಡುಮಧ್ಯಾಹ್ನ ತಂಪು ಮಾಡುವ ನೀರೂ ಬೇಕು. ಒಂದು ಚದರ ಮೀಟರ್ ಬಿಸಿಲಿಗೆ ಎಷ್ಟು ಖರ್ಚಿನಲ್ಲಿ ಎಷ್ಟು ಕೋಶಗಳನ್ನು ಒಡ್ಡಬಹುದು ಎಂಬ ಲೆಕ್ಕದ ಮೇಲೆ ಅವರ ಕೆಲಸ ನಡೆದಿದೆ.